ಗಾನಯೋಗಿ ಪಂಚಾಕ್ಷರ ಗವಾಯಿಗಳ ದಾಸೋಹಜೀವನ

ಕೃಷ್ಣಾತೀರದ ಯಡೂರಿನಲ್ಲಿ ಶ್ರೀ ವೀರಭದ್ರೇಶ್ವರನ ಜಾತ್ರೆ ನೆರೆದಾಗ ಕರ್ನಾಟಕ ಮಹಾರಾಷ್ಟ್ರಗಳೆರಡರಿಂದಲೂ ಬಂದು ಕೂಡುವ ಭಕ್ತಸಮೂಹಕ್ಕೆ ನೀರು ಹೊತ್ತು ತರುವವರು, ಪಂಕ್ತಿಯಲ್ಲಿ ಬಡಿಸುವವರು, ಉಂಡೆದ್ದ ಎಲೆಗಳನ್ನು ಎತ್ತುವವರು ಯಾರ ಕೂಲಿಯಾಳುಗಳೂ ಅಲ್ಲ. ತಮ್ಮ ಹೊಲಮನೆಗಳ ಕೆಲಸವನ್ನು ಬದಿಗಿರಿಸಿ ಬಂದ ಗೃಹಸ್ಥರು ಅವರು. 2019ರ ಆಗಸ್ಟಿನಲ್ಲಿ ಅದೇ ಕೃಷ್ಣೆಯು ಉಕ್ಕಿ ಹರಿದು ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಗಳ ದಂಡೆಯ ಹಳ್ಳಿಗಳು ಜಲಾವೃತವಾದಾಗ ದೂರದೂರದ ಊರುಗಳ ತಾಯಂದಿರು ರೊಟ್ಟಿ ಬಡಿದು, ಚಟ್ನಿಪುಡಿಯೊಡನೆ ಗಂಟುಕಟ್ಟಿ ಕಳುಹಿಸಿದರು. ಆ ರೊಟ್ಟಿಯನ್ನು ಉಂಡವರ ಮುಖವನ್ನು ಅವರು ಕಂಡವರಲ್ಲ. ಮುಂದೆ ಕಾಣುವ ಆಸೆಯೂ ಅವರಿಗಿರಲಿಲ್ಲ. ಹೀಗೆ ಕೇಳದೆಯೇ ಕೈ ನೀಡುವವರಿಗೆ ಅದರಿಂದ ದೊರೆಯುವುದಾದರೂ ಏನು? ಪುಣ್ಯಾರ್ಜನೆಯೆಂದು ಕೆಲವರು ಹೇಳುವರು. ಕೀರ್ತಿಯೆಂದು ಮತ್ತೆ ಕೆಲವರು. ತಾವು ಹಿಂದೆ ಪಡೆದುದರ ಋಣವನ್ನು ತೀರಿಸುವುದೆಂದು ಇನ್ನು ಕೆಲವರು. ಈ ಮೂರರಲ್ಲಿ ಯಾವುದೂ ಪೂರ್ಣ ಸುಳ್ಳಲ್ಲ, ಯಾವುದೂ ಪೂರ್ಣ ಉತ್ತರವೂ ಅಲ್ಲ. ತರ್ಕದಿಂದ ಬಗೆಹರಿಯದ ಈ ವಿಷಯವು ಗದುಗಿನ ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರ ಜೀವನವನ್ನು ನೋಡಿದರೆ ಬಹುಮಟ್ಟಿಗೆ ತಿಳಿಯಾಗುವುದು.

ಗವಾಯಿಗಳು 1892ನೆಯ ಇಸವಿಯ ಫೆಬ್ರುವರಿ 2ರಂದು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮನವರು, ಮನೆತನ ಚರಂತಿಮಠದವರದು. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಹುಟ್ಟಿದಂದಿನಿಂದಲೇ ಬೆಳಕನ್ನು ಕಾಣದ ಕೂಸು. ಅಣ್ಣ ಗುರುಬಸವಯ್ಯನೂ ಅಂಧನೇ. ಒಂದೇ ಬಡ ಮನೆಯಲ್ಲಿ ಎರಡು ಅಂಧ ಮಕ್ಕಳು! ಆ ಕಾಲದ ಹಳ್ಳಿಗಳಲ್ಲಿ ಇಂಥವರಿಗೆ ಉಳಿದಿದ್ದ ದಾರಿ ಬಹುಶಃ ಒಂದೇ. ಮನೆಬಾಗಿಲುಗಳಲ್ಲಿ ನಿಂತು ಹಾಡಿ, ಜೋಳಿಗೆಗೆ ಬಿದ್ದುದನ್ನು ಉಂಡು ದಿನ ಕಳೆಯುವುದು. ಅಂಧನಿಗೆ ವಿದ್ಯೆಯನ್ನು ಕಲಿಸಬಹುದೆಂಬ ಭಾವನೆಯೇ ಜನರಲ್ಲಿ ಮೂಡಿರಲಿಲ್ಲ. ಅವನಿಗೆ ಹಿಡಿ ಕಾಳು ಹಾಕಿದರೆ ಧರ್ಮ ತೀರಿತೆಂದು ಒಳ್ಳೆಯವರೂ ನಂಬಿದ್ದರು.

ಹಾಗೆ ನಂಬದವರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳವರು. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಬಾದಾಮಿಯ ಸಮೀಪ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಆ ಮಹನೀಯರಿಗೆ ಸಮಾಜದಲ್ಲಿ ಯಾವ ಕಾರ್ಯದ ಕೊರತೆಯಿತ್ತು? ಆದರೂ ಈ ಅಂಧ ಸೋದರರ ಕಂಠವು ಅವರ ಕಿವಿಗೆ ಬಿದ್ದಾಗ ಅವರು ಮೆಚ್ಚುಗೆಯ ಎರಡು ಮಾತನ್ನಾಡಿ ಮುಂದೆ ಸಾಗಲಿಲ್ಲ. ಬಾಲಕರ ಭಾರವನ್ನು ತಾವು ವಹಿಸಿಕೊಂಡರು. ಸಂಗೀತಾಭ್ಯಾಸಕ್ಕೆ ಏರ್ಪಾಡು ಮಾಡಿದರು. ವರ್ಷಗಟ್ಟಲೆ ನಡೆಯಬೇಕಾದ ಅಭ್ಯಾಸವದು. ಅದರ ವೆಚ್ಚವೂ ಅಷ್ಟೇ ದೀರ್ಘವಾದುದು. ಒಂದು ಹೊತ್ತಿನ ಭಿಕ್ಷೆಗೂ ಒಂದು ಬಾಳಿನ ವಿದ್ಯೆಗೂ ಇರುವ ಅಂತರವನ್ನು ಅರಿತು ಕೊಟ್ಟ ದಾನವದು. ಭಿಕ್ಷೆಯನ್ನು ಪಡೆದವನು ಮರುದಿನವೂ ಅದೇ ಬಾಗಿಲಿಗೆ ಬರಬೇಕು. ವಿದ್ಯೆಯನ್ನು ಪಡೆದವನ ಬಾಗಿಲಿಗೇ ನಾಳೆ ಮತ್ತೊಬ್ಬನು ಬರುವನು. ಗದಿಗೆಯ್ಯನ ವಿಷಯದಲ್ಲಿ ನಡೆದುದು ಇದೇ.

ಪಂಚಾಕ್ಷರ ಎಂಬ ಹೆಸರಿನಿಂದ ಪ್ರಸಿದ್ಧನಾದ ಆ ತರುಣನು ದಕ್ಷಿಣಾದಿ, ಉತ್ತರಾದಿ ಎರಡೂ ಪದ್ಧತಿಗಳಲ್ಲಿ ಪಾರಂಗತನಾಗಿ ಉಭಯ ಗಾಯನಾಚಾರ್ಯರೆಂಬ ಮನ್ನಣೆಗೆ ಪಾತ್ರನಾದನು. ಒಂದೊಂದು ಪದ್ಧತಿಯನ್ನು ಕರಗತ ಮಾಡಿಕೊಳ್ಳುವುದಕ್ಕೇ ಒಂದು ಆಯುಷ್ಯ ಸಾಲದೆನ್ನುವ ವಿದ್ಯೆಯಲ್ಲಿ ಇದು ಸಾಮಾನ್ಯ ಸಿದ್ಧಿಯಲ್ಲ. ಗಾಯಕರನ್ನು ಪೋಷಿಸುವ ಸಂಸ್ಥಾನಗಳು ಆಗ ಮೈಸೂರಿನಿಂದ ಹಿಡಿದು ಜಮಖಂಡಿ, ಮೀರಜ, ಸಾಂಗಲಿಗಳವರೆಗೆ ಎಷ್ಟೋ ಇದ್ದವು. ಅಂಥ ಯಾವುದಾದರೊಂದು ಆಶ್ರಯದಲ್ಲಿ ಗವಾಯಿಗಳು ನೆಮ್ಮದಿಯಿಂದ ಬಾಳಬಹುದಾಗಿತ್ತು. ಅದರಲ್ಲಿ ತಪ್ಪೆಣಿಸುವವರೂ ಇರಲಿಲ್ಲ. ಆದರೆ ಅವರು ಗುರುವಿನ ಆಣತಿಯನ್ನು ಶಿರಸಾವಹಿಸಿ, ಆಜನ್ಮ ಬ್ರಹ್ಮಚರ್ಯವನ್ನು ಕೈಕೊಂಡು, ತಮ್ಮಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ಸಂಗೀತವನ್ನು ಧಾರೆಯೆರೆಯಲು ನಿಂತರು. 1914ರಲ್ಲಿ ನಿಡಗುಂದಿಕೊಪ್ಪದಲ್ಲಿ ಆರಂಭವಾದ ಪಾಠಶಾಲೆಯು ಈ ಕಾರ್ಯದ ಮೊದಲ ಮೆಟ್ಟಿಲು. ಆಗ ಅವರಿಗೆ ಇಪ್ಪತ್ತೆರಡು ವರ್ಷ.

ಈ ಪಾಠಶಾಲೆಗೆ ಬಹುಕಾಲ ಒಂದು ನೆಲೆಯೆಂಬುದೇ ಇರಲಿಲ್ಲ. ಗುರುಗಳು ನಡೆದಲ್ಲಿ ಶಾಲೆಯೂ ನಡೆಯಿತು. ಒಂದು ಊರಿನ ಮಠದಲ್ಲಿ ಕೆಲವು ಕಾಲ, ಮತ್ತೊಂದು ಊರಿನಲ್ಲಿ ಕೆಲವು ಕಾಲ. ಹಾಡಿಕೆ, ಕೀರ್ತನೆಗಳಿಂದ ಬಂದುದೇ ಅನ್ನಕ್ಕೆ ಆಧಾರ. ಜೊತೆಯಲ್ಲಿ ಕಣ್ಣಿಲ್ಲದ ಹುಡುಗರು, ಅನಾಥರು, ಕಣ್ಣಿದ್ದೂ ಬಡತನದಿಂದ ವಿದ್ಯೆಗೆ ಎರವಾದವರು. ಜಾತಿಯನ್ನು ಕೇಳಿ ಸೇರಿಸಿಕೊಳ್ಳುವ ಪದ್ಧತಿ ಅಲ್ಲಿರಲಿಲ್ಲ. ಕಲಿಸುವವರೂ ಅಂಧರು, ಕಲಿಯುವವರಲ್ಲಿ ಅನೇಕರು ಅಂಧರು ಎಂದಾಗ ಪಾಠದ ಕಷ್ಟವೆಷ್ಟೆಂಬುದನ್ನು ಊಹಿಸಬಹುದು. ಹಲಗೆಯ ಮೇಲೆ ಬರೆದು ತೋರಿಸುವಂತಿಲ್ಲ. ಪುಸ್ತಕವನ್ನು ಕೊಟ್ಟು ಓದಿಕೊಳ್ಳೆನ್ನುವಂತಿಲ್ಲ. ಸ್ವರವನ್ನು ಬಾಯಿಂದ ಕಿವಿಗೆ, ತಾಳವನ್ನು ಕೈಯಿಂದ ಕೈಗೆ ದಾಟಿಸಬೇಕು. ತಪ್ಪಿದಷ್ಟು ಸಲವೂ ಮೊದಲಿನಿಂದ ಹೇಳಿಕೊಡಬೇಕು. ಇದಕ್ಕೆ ಪಾಂಡಿತ್ಯಕ್ಕಿಂತ ಮಿಗಿಲಾಗಿ ಬೇಕಾದುದು ತಾಳ್ಮೆ. ಕತ್ತಲೆಯಲ್ಲಿ ತಡವರಿಸುವುದೆಂದರೇನೆಂಬುದನ್ನು ಸ್ವತಃ ಬಲ್ಲ ಗುರುವಿಗೆ ಆ ತಾಳ್ಮೆ ಸಹಜವಾಗಿಯೇ ಒದಗಿದ್ದಿರಬೇಕು.

ಇಲ್ಲಿ ಪಾಶ್ಚಾತ್ಯ ದೇಶದ ಒಂದು ಉದಾಹರಣೆಯು ನೆನಪಿಗೆ ಬರುತ್ತದೆ. ಫ್ರಾನ್ಸ್ ದೇಶದಲ್ಲಿ 1809ರಲ್ಲಿ ಹುಟ್ಟಿದ ಲೂಯಿ ಬ್ರೈಲ್ ಎಂಬವನು ತಂದೆಯ ಚರ್ಮಗೆಲಸದ ಆಯುಧ ತಗುಲಿ ಎಳವೆಯಲ್ಲೇ ದೃಷ್ಟಿಯನ್ನು ಕಳೆದುಕೊಂಡನು. ಪ್ಯಾರಿಸಿನ ಅಂಧರ ಶಾಲೆಯಲ್ಲಿ ಕಲಿತು ಅಲ್ಲಿಯೇ ಶಿಕ್ಷಕನಾದನು. ಉಬ್ಬು ಚುಕ್ಕೆಗಳನ್ನು ಬೆರಳಿನಿಂದ ಓದುವ ಲಿಪಿಯನ್ನು ಹದಿಹರೆಯದಲ್ಲಿಯೇ ರೂಪಿಸಿದನು. ಅದಕ್ಕೆ ಫ್ರಾನ್ಸಿನಲ್ಲಿ ಅಧಿಕೃತ ಮನ್ನಣೆ ಬರುವ ವೇಳೆಗೆ ಅವನು ಬದುಕಿರಲಿಲ್ಲ. ಕಣ್ಣುಳ್ಳ ಪಂಡಿತರಿಗೆ ತೋಚದ ಉಪಾಯವು ಕಣ್ಣಿಲ್ಲದವನಿಗೆ ತೋಚಿತು. ನೊಂದವನು ನೊಂದವರಿಗೆ ಮಾಡುವ ಸಹಾಯದಲ್ಲಿ ಕರುಣೆಯೊಡನೆ ತಿಳಿವಳಿಕೆಯೂ ಇರುವುದು. ಮೇಲಿನಿಂದ ಕೆಳಕ್ಕೆ ಚಾಚಿದ ಕೈಯಲ್ಲ ಅದು. ಪಕ್ಕದಿಂದ ಹಿಡಿದ ಕೈ.

ಆದರೆ ತಿಳಿವಳಿಕೆಯಿಂದ ಮಕ್ಕಳ ಹೊಟ್ಟೆ ತುಂಬದು. ಗವಾಯಿಗಳ ಬಾಳಿನಲ್ಲಿ ಅತ್ಯಂತ ಕಠಿನವಾಗಿದ್ದುದು ರಾಗವೂ ಅಲ್ಲ, ತಾಳವೂ ಅಲ್ಲ, ಪ್ರತಿದಿನದ ಅನ್ನ. ಶಿಷ್ಯರಿಂದ ಶುಲ್ಕವಿಲ್ಲ, ಊಟ ವಸತಿಗಳೆಲ್ಲ ಗುರುವಿನ ಹೊಣೆ. ಈ ಹೊರೆಯನ್ನು ಹೊರಲು ನಾಟಕ ಸಂಘವನ್ನೂ ನಡೆಸಿದ್ದಾಯಿತು. ನಾಟಕ ಕಂಪನಿಗಳ ಆದಾಯವು ಮಳೆಬೆಳೆಗಳನ್ನು ನಂಬಿದುದು. ಜನರ ಕೈಯಲ್ಲಿ ಕಾಸಿಲ್ಲದ ವರ್ಷ ಕಂಪನಿಗೆ ಉಳಿಯುವುದು ಸಾಲವೇ. 1930ರ ಫೆಬ್ರುವರಿಯಲ್ಲಿ ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದರು. ಬೆನ್ನ ಹಿಂದಿದ್ದ ದೊಡ್ಡ ಆಸರೆಯು ಹೋಯಿತು. ಗುರುವಿಗೆ ಸಲ್ಲಿಸಬೇಕಾದ ಋಣವಷ್ಟೇ ಈ ಸೇವೆಗೆ ಕಾರಣವಾಗಿದ್ದರೆ, ಗುರುವು ಕಣ್ಮರೆಯಾದ ಮೇಲೆ ಅದು ಕ್ರಮೇಣ ಸಡಿಲಬಹುದಾಗಿತ್ತು. ಸಡಿಲಲಿಲ್ಲ. ಮುಂದಿನ ಹದಿನಾಲ್ಕು ವರ್ಷ, ತಮ್ಮ ಕೊನೆಯುಸಿರಿನವರೆಗೂ, ಗವಾಯಿಗಳು ಮಕ್ಕಳನ್ನು ಕೈಬಿಡಲಿಲ್ಲ. ಋಣವು ಸೇವೆಯನ್ನು ಆರಂಭಿಸಬಲ್ಲುದು. ಅದನ್ನು ಕೊನೆಯವರೆಗೆ ನಡೆಸುವ ಶಕ್ತಿ ಬೇರೆಯದೇ ಇರಬೇಕು.

ಈ ಕಾರ್ಯವು ಒಬ್ಬರಿಂದಲೇ ನಡೆಯಿತೆಂದು ಭಾವಿಸುವುದು ತಪ್ಪಾದೀತು. ಗದುಗಿನಲ್ಲಿ ಆಶ್ರಮಕ್ಕೆ ಸ್ಥಳವನ್ನಿತ್ತವರು ಬಸರಿಗಿಡದ ವೀರಪ್ಪನವರು. ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರಿನಲ್ಲಿ ಆ ಸಂಸ್ಥೆಯು ನೆಲೆಗೊಂಡಿತು. ಅವರ ಹೆಸರು ಉಳಿಯಿತು, ಉಳಿಯಬೇಕಾದುದೇ. ಆದರೆ ಊರೂರುಗಳಲ್ಲಿ ಜೋಳದ ಸೇರು, ಬೇಳೆಯ ಚೀಲ, ಹುಡುಗರ ಮೈಗೊಂದು ಅರಿವೆ ಎಂದು ಕೊಟ್ಟ ಗೃಹಸ್ಥರೆಷ್ಟೋ ಮಂದಿ. ಅವರ ಹೆಸರುಗಳನ್ನು ಯಾವ ಗೋಡೆಯ ಮೇಲೂ ಕೆತ್ತಿಲ್ಲ. ಈಗೀಗ ಒಂದು ಚೀಲ ಅಕ್ಕಿಯನ್ನು ಕೊಡುವುದಕ್ಕೂ ಫಲಕ, ಹಾರ, ಛಾಯಾಚಿತ್ರಗಳು ಬೇಕಾಗುತ್ತಿರುವುದನ್ನು ಕಂಡಾಗ ಆ ಅನಾಮಿಕರ ಹಿರಿಮೆಯು ಇನ್ನಷ್ಟು ಎದ್ದು ಕಾಣುವುದು. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಶರಣೆ ಲಕ್ಕಮ್ಮನು ಅದನ್ನು ಹಿಂದಿರುಗಿಸಹೇಳಿದ ಕಥೆಯು ಸರ್ವರಿಗೂ ತಿಳಿದುದೇ. ದಾಸೋಹವು ಕೂಡಿಟ್ಟು ಮೆರೆಯುವ ಸಂಪತ್ತಿನಿಂದಲ್ಲ, ಅಂದಂದಿನ ಕಾಯಕದಿಂದ ನಡೆಯಬೇಕೆಂಬುದು ಆ ತಾಯಿಯ ನಿಲುವು. ಗವಾಯಿಗಳ ಸಂಸಾರವೂ ಅಂದಂದಿನ ಹಾಡಿನಿಂದ ಅಂದಂದಿನ ಅನ್ನವನ್ನು ಬೇಯಿಸಿದ ಸಂಸಾರವೇ.

ಇಷ್ಟೆಲ್ಲ ಕಷ್ಟಪಟ್ಟ ಗವಾಯಿಗಳಿಗೆ ದೊರೆತುದೇನು? ಹಣ ದೊರೆಯಲಿಲ್ಲ. ಕೀರ್ತಿ ದೊರೆಯಿತು, ಆದರೆ ಅದನ್ನು ಅವರು ಹೇಗೆ ಕಂಡರೆಂಬುದಕ್ಕೆ ಒಂದು ಪ್ರಸಂಗವುಂಟು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರು ನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ನೆರವೇರಿತು. ಆ ಮಹಾಸಭೆಯಲ್ಲಿ ಹಾಡಲು ಕುಳಿತವನು ಯಲಿವಾಳದ ಬಸವರಾಜ ರಾಜಗುರು ಎಂಬ ತರುಣ ಶಿಷ್ಯ. ಇನ್ನೂ ಇಪ್ಪತ್ತು ತುಂಬಿರದ ಹುಡುಗ. ಉಭಯ ಗಾಯನಾಚಾರ್ಯರಾದ ಗುರುಗಳು ಆ ದಿನ ಶಿಷ್ಯನ ಪಕ್ಕದಲ್ಲಿ ತಬಲಾ ನುಡಿಸುತ್ತ ಕುಳಿತರು. ಮುಂದೆ ರಾಜಗುರುಗಳು ಭಾರತದಾದ್ಯಂತ ಹೆಸರುವಾಸಿಯಾದರು; ವಚನಗಾಯನವು ಅವರ ಕಂಠದಿಂದ ಮನೆಮನೆಯನ್ನು ಮುಟ್ಟಿತು. ತಬಲಾದ ಹಿಂದೆ ಕುಳಿತ ಗುರುವಿಗೆ ಆ ಸಭೆಯ ಜನಸ್ತೋಮವು ಕಾಣದು, ಶಿಷ್ಯನ ಮುಖವೂ ಕಾಣದು. ಸಭೆಯು ತಲೆದೂಗುತ್ತಿರುವುದನ್ನು ಅವರು ಅರಿತುದು ಕಿವಿಯಿಂದ ಮಾತ್ರ. ಯಾರದೋ ಕೈ ಹಿಡಿದು ನಡೆಯಬೇಕಾಗಿದ್ದ ಬಾಲಕನು ಮತ್ತೊಬ್ಬರ ಏಳಿಗೆಗೆ ತಾಳವನ್ನು ಹಿಡಿಯುವವನಾಗಿದ್ದನು. ಇತರರ ಆಸರೆಯಲ್ಲಿ ಬಾಳಬೇಕಾದವನೆಂದು ಲೋಕವು ಎಣಿಸಿದ್ದವನು ಅನೇಕರಿಗೆ ಆಸರೆಯಾದಾಗ ಅವನ ಕೊರತೆಯು ಕೊರತೆಯಾಗಿ ಉಳಿಯುವುದಿಲ್ಲ. ಈ ಲಾಭವನ್ನು ಯಾರೂ ದಾನವಾಗಿ ಕೊಡಲಾರರು. ಕೊಟ್ಟವನಿಗೆ ಮಾತ್ರ ಅದು ದೊರೆಯುವುದು.

ಅಂಧರಾಗಿ ಬಂದ ಶಿಷ್ಯರಲ್ಲಿ ಪುಟ್ಟರಾಜರು ಅಗ್ರಗಣ್ಯರು. 1914ರಲ್ಲಿ ಹಾವೇರಿ ಸೀಮೆಯ ದೇವಗಿರಿಯಲ್ಲಿ ಹುಟ್ಟಿ ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಅವರು ಬಾಲ್ಯದಲ್ಲಿ ಗವಾಯಿಗಳ ಆಶ್ರಯಕ್ಕೆ ಬಂದರು. ಗುರುವು ತಮಗಿದ್ದುದನ್ನೆಲ್ಲ ಅವರಿಗೆ ಧಾರೆಯೆರೆದರು. ಹಾನಗಲ್ಲ ಶ್ರೀಗಳು ಗದಿಗೆಯ್ಯನಿಗೆ ಮಾಡಿದುದನ್ನು ಗದಿಗೆಯ್ಯನು ಪುಟ್ಟರಾಜನಿಗೆ ಮಾಡಿದನು.

1944ನೆಯ ಇಸವಿಯ ಜೂನ್ 11ರಂದು ಶ್ರೀ ಪಂಚಾಕ್ಷರ ಗವಾಯಿಗಳು ಗದುಗಿನಲ್ಲಿ ಲಿಂಗೈಕ್ಯರಾದರು. ಆಗ ಅವರಿಗೆ ಐವತ್ತೆರಡು ವರ್ಷ. ಆಶ್ರಮದ ಮಕ್ಕಳ ಹೊಣೆಯು ಮೂವತ್ತು ವರ್ಷದ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂದಿತು. ಅವರು ಅನೇಕ ವಾದ್ಯಗಳಲ್ಲಿ ಪ್ರವೀಣರಾದರು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿದರು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ಇಳಿಸಿದರು. ಭಕ್ತರು ಊರೂರುಗಳಲ್ಲಿ ಅವರಿಗೆ ತುಲಾಭಾರ ಮಾಡಿದಾಗ ತಕ್ಕಡಿಗೆ ಬಿದ್ದ ನಾಣ್ಯಗಳೆಲ್ಲವೂ ಹುಡುಗರ ಊಟಕ್ಕೆ, ಪಾಠಕ್ಕೆ ಸಂದವು. 2010ರ ಸೆಪ್ಟೆಂಬರ್ 17ರಂದು, ತಮ್ಮ ತೊಂಬತ್ತಾರನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೆ, ಅರವತ್ತಾರು ವರ್ಷಗಳ ಕಾಲ ಅವರು ಆ ಹೊಣೆಯನ್ನು ಹೊತ್ತಿದ್ದರು.