ಬೆಳಗಾವಿಯ ಓಟಗಾರ ಫಡೆಪ್ಪ ಚೌಗುಲೆ

ನಮ್ಮ ಬಳ್ಳಿಗಾವಿಯನ್ನು ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಬೆಳಗಾಮಿ ಎಂದು ಬರೆದಿದ್ದಾರೆ. ಹೊರಗಿನವರು ಅದನ್ನು ಬೆಳಗಾವಿ ಎಂದುಕೊಳ್ಳುವುದುಂಟು. ನಾನು ಹೇಳಹೊರಟಿರುವುದು ಆ ಬೆಳಗಾವಿಯವರ ಬಗ್ಗೆಯೇ. ಪಿ.ಟಿ. ಮೇಷ್ಟ್ರಾಗಿದ್ದಷ್ಟು ವರ್ಷವೂ ತಾಲ್ಲೂಕು ಕ್ರೀಡಾಕೂಟಕ್ಕೆ ಹೊರಡುವ ಮಕ್ಕಳಿಗೆ ನಾನು ಇವರ ಕಥೆ ಹೇಳಿದ್ದೇನೆ. ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು.

ಫಡೆಪ್ಪ ದರೆಪ್ಪ ಚೌಗುಲೆ. ಹೆಸರಿನಲ್ಲಿ ಎರಡೆರಡು ಅಪ್ಪ ಇರುವುದರಿಂದ ನನಗೆ ಮೊದಲಿನಿಂದಲೂ ನಮ್ಮವರೇ ಅನ್ನಿಸಿದವರು. ಆಗ ಬೆಳಗಾವಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಆ ಕಡೆಯ ಓಟಗಾರರಿಗೆ ದೊಡ್ಡ ಕಣವೆಂದರೆ ಪುಣೆಯ ಡೆಕ್ಕನ್ ಜಿಮಖಾನಾ. ಅದರ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಅಲ್ಲಿನ ಕೂಟದಲ್ಲಿ ಹೊಲಮನೆ ಕೆಲಸದ ಹುಡುಗರು ಬರಿಗಾಲಿನಲ್ಲಿ ಓಡುವುದನ್ನು ಕಂಡರು. ಅವರಿಗೆ ತರಬೇತಿ ಇರಲಿಲ್ಲ, ವಿದೇಶದ ನಿಯಮಗಳ ಪರಿಚಯವೂ ಇರಲಿಲ್ಲ. ಆದರೂ ಅವರ ವೇಳೆ ಯುರೋಪಿನವರಿಗಿಂತ ಬಹಳ ಹಿಂದೆ ಇರಲಿಲ್ಲ. ಟಾಟಾ ಅವರು ಮುಂಬಯಿ ಗವರ್ನರ್ ಲಾಯ್ಡ್ ಅವರ ಬೆಂಬಲ ಪಡೆದು, ತಾವೂ ಹಣ ಹಾಕಿ, 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಆರು ಜನರನ್ನು ಕಳಿಸಿದರು. 1900ರಲ್ಲಿ ಪ್ಯಾರಿಸ್‌ನಲ್ಲಿ ನಾರ್ಮನ್ ಪ್ರಿಚರ್ಡ್ ಒಬ್ಬರೇ ಓಡಿದ್ದರು. ತಂಡವೆಂದು ಹೋದದ್ದು ಇದೇ ಮೊದಲು. ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳು. ಆ ನಾಲ್ವರಲ್ಲಿ ಚೌಗುಲೆ ಒಬ್ಬರು.

ಅಲ್ಲಿ 10,000 ಮೀಟರಿನಲ್ಲಿ ಅವರು ಫೈನಲ್ ತಲುಪಲಿಲ್ಲ. ಉಳಿದದ್ದು ಆಗಸ್ಟ್ 22ರ ಮ್ಯಾರಥಾನ್.

ಈಗಿನ ಮ್ಯಾರಥಾನ್ 42.195 ಕಿಲೋಮೀಟರ್. ಆಂಟ್‌ವರ್ಪ್‌ನದು 42.75, ಒಲಿಂಪಿಕ್ಸ್‌ನಲ್ಲೇ ಅತಿ ಉದ್ದದ್ದು. ಬಳ್ಳಿಗಾವಿಯಿಂದ ಶಿಕಾರಿಪುರಕ್ಕೆ ಸುಮಾರು 21 ಕಿಲೋಮೀಟರ್. ಶಿಕಾರಿಪುರ ಮುಟ್ಟಿ, ನಿಲ್ಲದೆ ತಿರುಗಿ, ಊರು ಸೇರಿದ ಮೇಲೂ ಇನ್ನೊಂದಿಷ್ಟು ಓಡಬೇಕು ಅಂದರೆ ಮಕ್ಕಳ ಕಣ್ಣು ಅರಳುತ್ತಿತ್ತು. ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿದರು. ಕಿಲೋಮೀಟರಿಗೆ ನಾಲ್ಕೇ ನಿಮಿಷ. 200 ಮೀಟರಿನ ಸುತ್ತನ್ನು ನಾಲ್ಕು ನಿಮಿಷಕ್ಕೆ ಐದು ಸಲ ಹಾಕಿ ನೋಡ್ರಪ್ಪ, ಆಮೇಲೆ ಅದೇ ವೇಗದಲ್ಲಿ ಇನ್ನು ಇನ್ನೂರು ಸುತ್ತಿಗೂ ಮೇಲೆ ಇದೆ ಅನ್ನುತ್ತಿದ್ದೆ. ಒಂದನೇ ಕಿಲೋಮೀಟರ್ ಮುಗಿಸಿ ಕೂತುಬಿಡುತ್ತಿದ್ದವರೇ ಹೆಚ್ಚು!

ಗೆದ್ದವರು ಫಿನ್‌ಲ್ಯಾಂಡಿನ ಕೋಲೆಮೈನೆನ್. ಚೌಗುಲೆಯವರಿಗಿಂತ ಹದಿನೆಂಟು ನಿಮಿಷ ಮುಂದೆ. ಚೌಗುಲೆ ಹತ್ತೊಂಬತ್ತನೆಯವರು. ಪದಕವಿಲ್ಲ, ಹಾಗಾಗಿ ಹೆಸರೂ ಇಲ್ಲ. ನಮ್ಮ ಕ್ರೀಡಾಕೂಟಗಳ ಲೆಕ್ಕವೂ ಇದೇ: ವಿಜಯ ವೇದಿಕೆಯಲ್ಲಿ ಮೂವರಿಗೆ ಜಾಗ, ಒಂದು ಕೈ ಅಂತರದಲ್ಲಿ ನಾಲ್ಕನೆಯವನಾದ ಹುಡುಗ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂರುತ್ತಾನೆ. ಮರುವರ್ಷ ಹೆಸರು ಕೊಡು ಅಂದರೆ ಬರುವುದಿಲ್ಲ. ಹೀಗೆ ಒಳ್ಳೆಯ ಓಟಗಾರರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಎಂಟನೇ ತರಗತಿಗೇ ಕಳೆದುಕೊಂಡಿದ್ದೇವೆ. ಹತ್ತೊಂಬತ್ತನೆಯವರ ಕಥೆಯನ್ನು ನಾನು ಆರಿಸಿಕೊಂಡದ್ದು ಇವರಿಗಾಗಿಯೇ.

ಅಂದು ಆಂಟ್‌ವರ್ಪ್‌ನಲ್ಲಿ ಓಟಕ್ಕೆ ನಿಂತವರು 48 ಮಂದಿ. ಗೆರೆ ಮುಟ್ಟಿದವರು 35. ದಾರಿಯಲ್ಲೇ ಬಿಟ್ಟ ಹದಿಮೂರು ಜನರಲ್ಲಿ ನಮ್ಮ ಚೌಗುಲೆ ಇರಲಿಲ್ಲ.