ಮತ ಹಾಕುವ ಹಕ್ಕಿಲ್ಲದ ಸಲಹೆಗಾರ: ಬೆನಗಲ್ ನರಸಿಂಗ ರಾವ್

ನವೆಂಬರ್ 26 ಹತ್ತಿರ ಬಂತೆಂದರೆ ಹೊರನಾಡ ಕನ್ನಡಿಗರ ವಾಟ್ಸ್‌ಆಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡತೊಡಗುತ್ತದೆ. ಭಾರತದ ಸಂವಿಧಾನವನ್ನು ನಿಜವಾಗಿ ಬರೆದವರು ಅಂಬೇಡ್ಕರ್ ಅಲ್ಲ, ನಮ್ಮ ಮಂಗಳೂರಿನ ಬಿ. ಎನ್. ರಾವ್ ಎಂಬುದು ಅದರ ಸಾರಾಂಶ. ಅದಕ್ಕೆ ಉತ್ತರವಾಗಿ ಇನ್ನೊಬ್ಬರು, ರಾವ್ ಬರೀ ಒಬ್ಬ ಸರ್ಕಾರಿ ಅಧಿಕಾರಿ, ಅವರದೇನು ದೊಡ್ಡ ಕೆಲಸ ಎನ್ನುತ್ತಾರೆ. ಎರಡು ದಿನ ಜಗಳ ನಡೆದು ಗುಂಪು ತಣ್ಣಗಾಗುತ್ತದೆ. ಆ ಮನುಷ್ಯ ಯಾರು, ಏನು ಮಾಡಿದರು ಎಂಬುದನ್ನು ಮಾತ್ರ ಯಾರೂ ಹೇಳಿರುವುದಿಲ್ಲ. ಅದನ್ನು ತಿಳಿದುಕೊಂಡರೆ ಈ ಜಗಳಕ್ಕೆ ಆಧಾರವೇ ಉಳಿಯುವುದಿಲ್ಲ ಎಂದು ನನಗನಿಸುತ್ತದೆ.

ಬೆನಗಲ್ ನರಸಿಂಗ ರಾವ್ ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ. ಚಿತ್ರಾಪುರ ಸಾರಸ್ವತ ಕುಟುಂಬ, ಮನೆಮಾತು ಕೊಂಕಣಿ. ತಂದೆ ವೈದ್ಯರು. ಒಬ್ಬ ತಮ್ಮ ಬೆನಗಲ್ ರಾಮ ರಾವ್ ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಇನ್ನೊಬ್ಬ ತಮ್ಮ ಬಿ. ಶಿವರಾವ್ ಪತ್ರಕರ್ತರಾಗಿ, ಸಂಸದರಾಗಿ ಹೆಸರು ಮಾಡಿದರು. ನರಸಿಂಗ ರಾವ್ ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ ಇಡೀ ಮದ್ರಾಸ್ ಪ್ರಾಂತಕ್ಕೇ ಮೊದಲಿಗರಾದರು. ಮದ್ರಾಸಿನಲ್ಲಿ ಇಂಗ್ಲಿಷ್, ಭೌತವಿಜ್ಞಾನ, ಸಂಸ್ಕೃತ ಮೂರರಲ್ಲೂ ಪ್ರಥಮ ದರ್ಜೆ. ಮರುವರ್ಷ ಗಣಿತದಲ್ಲೂ ಪ್ರಥಮ ದರ್ಜೆ. ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿಗೆ ಹೋದರು. ಜವಾಹರಲಾಲ್ ನೆಹರೂ ಕೂಡ ಅದೇ ಕಾಲದಲ್ಲಿ ಅದೇ ಕಾಲೇಜಿನಲ್ಲಿದ್ದರು. 1909ರಲ್ಲಿ ಐಸಿಎಸ್ ಪಾಸಾಗಿ ಬಂದ ರಾವ್ ಅವರಿಗೆ ಸಿಕ್ಕಿದ್ದು ಬಂಗಾಳ.

ಅಲ್ಲಿಂದ ಮುಂದೆ ಅವರ ಬದುಕೆಲ್ಲ ಹೊರನಾಡಿನದೇ. ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿದ್ದರು. 1925ರಲ್ಲಿ ಅಸ್ಸಾಂ ಸರ್ಕಾರದ ಶಾಸನ ವಿಭಾಗಕ್ಕೆ ಬಂದರು. ಬ್ರಿಟಿಷ್ ಸರ್ಕಾರ 1935ರಲ್ಲಿ ಹೊಸ ಭಾರತ ಸರ್ಕಾರ ಕಾಯ್ದೆ ತಂದಾಗ ಒಂದು ದೊಡ್ಡ ತೊಡಕು ಎದುರಾಯಿತು. ಕೇಂದ್ರ ಮತ್ತು ಪ್ರಾಂತಗಳ ನಡುವೆ ಅಧಿಕಾರ ಹೊಸದಾಗಿ ಹಂಚಿಕೆಯಾಗಿದ್ದರಿಂದ, ದೇಶದಲ್ಲಿ ಜಾರಿಯಲ್ಲಿದ್ದ ಹಳೆಯ ಕಾನೂನುಗಳನ್ನೆಲ್ಲ ಅದಕ್ಕೆ ಹೊಂದುವಂತೆ ತಿದ್ದಬೇಕಾಗಿತ್ತು. ಆ ಕೆಲಸ ರಾವ್ ಅವರ ಪಾಲಿಗೆ ಬಂತು. ಹಳೆಯ ಸಾಫ್ಟ್‌ವೇರನ್ನು ನಿಲ್ಲಿಸದೆ ಹೊಸ ವ್ಯವಸ್ಥೆಗೆ ಸಾಗಿಸುವ ಕೆಲಸ ಮಾಡಿದವರಿಗೆ ಅದರ ಕಷ್ಟ ಗೊತ್ತಿರುತ್ತದೆ: ಪ್ರತಿ ಸಾಲನ್ನೂ ಓದಬೇಕು, ಒಂದು ಪದ ಬದಲಿಸಿದರೆ ಇನ್ನೆಲ್ಲಿ ಏನು ಕೆಡುತ್ತದೆ ಎಂದು ನೋಡಬೇಕು. ರಾವ್ ಅದನ್ನು ಎರಡು ವರ್ಷದೊಳಗೆ ಮುಗಿಸಿದರು. 1938ರಲ್ಲಿ ಸರ್ ಪದವಿ ಬಂತು. ಆಮೇಲೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿಯಾದರು.

ಆದರೆ ಹೈಕೋರ್ಟಿನಲ್ಲಿ ಸರ್ಕಾರ ಅವರನ್ನು ನೆಮ್ಮದಿಯಾಗಿ ಕೂರಲು ಬಿಡಲಿಲ್ಲ. ಇಕ್ಕಟ್ಟಿನ ಪ್ರಶ್ನೆ ಬಂದಾಗೆಲ್ಲ ಅವರನ್ನೇ ಕರೆಯುತ್ತಿತ್ತು. ನಾನು ವಾಸವಾಗಿರುವ ಲೋಣಾವಳಾದಲ್ಲಿ ಕೂತು ನೋಡಿದರೆ ಅವುಗಳಲ್ಲಿ ಮೂರು ಕೆಲಸಗಳು ಹತ್ತಿರದವೆನಿಸುತ್ತವೆ. ಮೊದಲನೆಯದು ರೈಲ್ವೆಯದು. ಲೋಣಾವಳಾ ಮೂಲಕ ಘಾಟಿ ಇಳಿಯುವ ಹಳಿ ಆಗ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯದಾಗಿತ್ತು, ಈಗಿನ ಮಧ್ಯ ರೈಲ್ವೆ. ಎರಡನೇ ಮಹಾಯುದ್ಧ ಶುರುವಾಗಿ ಬೆಲೆ ಏರಿದಾಗ ಆ ರೈಲ್ವೆಯ ನೌಕರರು ತುಟ್ಟಿಭತ್ಯೆ ಕೇಳಿದರು. 1940ರಲ್ಲಿ ಅದನ್ನು ವಿಚಾರಿಸಲು ನೇಮಿಸಿದ ನ್ಯಾಯಮಂಡಳಿಯ ಅಧ್ಯಕ್ಷರು ರಾವ್.

ಎರಡನೆಯದು ಹಿಂದೂ ಕಾನೂನು ಸಮಿತಿ. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು, ಏಕಪತ್ನಿತ್ವ, ವಿಚ್ಛೇದನದ ಅವಕಾಶ ಇಂಥ ಪ್ರಶ್ನೆಗಳನ್ನು ಅದು ಕೈಗೆತ್ತಿಕೊಂಡಿತು. ಅಧ್ಯಕ್ಷರು ರಾವ್, ಸದಸ್ಯರಲ್ಲೊಬ್ಬರು ಪುಣೆಯ ಲಾ ಕಾಲೇಜು ಕಟ್ಟಿದ ಜೆ. ಆರ್. ಘಾರ್ಪುರೆ. ಸಮಿತಿ ಊರೂರು ಸುತ್ತಿ ಜನರ ಅಭಿಪ್ರಾಯ ಕೇಳಿತು, ಸಾಕಷ್ಟು ವಿರೋಧವನ್ನೂ ಕಂಡಿತು. ಅದು ಸಿದ್ಧಪಡಿಸಿದ ಕರಡನ್ನು ಹಿಡಿದುಕೊಂಡೇ ಮುಂದೆ ಕಾನೂನು ಮಂತ್ರಿ ಅಂಬೇಡ್ಕರ್ ಹಿಂದೂ ಕೋಡ್ ಮಸೂದೆಗಾಗಿ ಹೋರಾಡಿದರು. ಮಸೂದೆ ಮುಂದೆ ಹೋಗದಿದ್ದಾಗ 1951ರಲ್ಲಿ ರಾಜೀನಾಮೆ ಕೊಟ್ಟರು. ವಾಟ್ಸ್‌ಆಪಿನಲ್ಲಿ ಎದುರಾಳಿಗಳಾಗಿ ನಿಲ್ಲುವ ಈ ಇಬ್ಬರು ನಿಜದಲ್ಲಿ ಒಂದೇ ಕೆಲಸದ ಎರಡು ತುದಿಗಳನ್ನು ಹಿಡಿದಿದ್ದರು.

ಮೂರನೆಯದು ನೀರು. ಸಿಂಧೂ ಮತ್ತು ಅದರ ಉಪನದಿಗಳ ಮೇಲೆ ಪಂಜಾಬ್ ಕಟ್ಟಬೇಕೆಂದಿದ್ದ ಯೋಜನೆಗಳಿಂದ ತನ್ನ ನಾಲೆಗಳು ಒಣಗುತ್ತವೆ ಎಂದು ಕೆಳಗಿನ ಸಿಂಧ್ ಪ್ರಾಂತ ದೂರಿತು. 1941ರಲ್ಲಿ ನೇಮಕವಾದ ಸಿಂಧೂ ಆಯೋಗದ ಅಧ್ಯಕ್ಷರಾಗಿ ರಾವ್ ಮರುವರ್ಷ ವರದಿ ಕೊಟ್ಟರು. ಹಲವು ಪ್ರಾಂತಗಳಲ್ಲಿ ಹರಿಯುವ ನದಿ ಯಾವ ಒಂದು ಪ್ರಾಂತದ ಸ್ವತ್ತೂ ಅಲ್ಲ. ಮಾತಾಡಿ ಒಪ್ಪಂದಕ್ಕೆ ಬರುವುದು ಎಲ್ಲಕ್ಕಿಂತ ಒಳ್ಳೆಯದು. ಅದಾಗದಿದ್ದರೆ ನ್ಯಾಯವಾದ ಹಂಚಿಕೆಯೇ ದಾರಿ ಎಂಬುದು ಅದರ ತಿರುಳು. ಎರಡೂ ಪ್ರಾಂತಗಳಿಗೆ ಆ ವರದಿ ಹಿಡಿಸಲಿಲ್ಲ. ಐದೇ ವರ್ಷದಲ್ಲಿ ದೇಶ ಎರಡಾಯಿತು. ಪ್ರಾಂತಗಳ ನಡುವಿನ ವ್ಯಾಜ್ಯ ರಾತ್ರೋರಾತ್ರಿ ಎರಡು ರಾಷ್ಟ್ರಗಳ ವ್ಯಾಜ್ಯವಾಯಿತು. ಒಪ್ಪಂದಕ್ಕೆ ಬರಲು 1960ರವರೆಗೆ ಕಾಯಬೇಕಾಯಿತು.

ಇದು ನಮಗೂ ದೂರದ ಮಾತಲ್ಲ. ಲೋಣಾವಳಾದ ಪಕ್ಕದ ಕುರವಂಡೆಯಲ್ಲಿ ಹುಟ್ಟುವ ಇಂದ್ರಾಯಣಿ ದೇಹು, ಆಳಂದಿ ಹಾದು ಭೀಮೆಯನ್ನು ಸೇರುತ್ತದೆ. ಭೀಮೆ ವಿಜಯಪುರ, ಕಲಬುರಗಿ ಜಿಲ್ಲೆಗಳನ್ನು ದಾಟಿ ರಾಯಚೂರಿನ ಬಳಿ ಕೃಷ್ಣೆಗೆ ಸೇರುತ್ತದೆ. ಇದೇ ಊರಿನ ಕೆರೆಗಳಲ್ಲಿ ನಿಲ್ಲಿಸಿದ ಮಳೆನೀರು ವಿದ್ಯುತ್ತಿಗಾಗಿ ಘಾಟಿ ಇಳಿದು ಖೋಪೋಲಿಗೆ, ಅಲ್ಲಿಂದ ಪಶ್ಚಿಮದ ಕಡಲಿಗೆ ಹೋಗುತ್ತದೆ. ಇಲ್ಲಿ ಬಿದ್ದ ಮಳೆ ಯಾರಿಗೆ ಎಷ್ಟು ಎಂಬ ಲೆಕ್ಕ ಹಾಕುವಾಗ ರಾವ್ ಅವರು ಸಿಂಧೂವಿನ ಮಟ್ಟಿಗೆ ಬರೆದಿಟ್ಟ ನ್ಯಾಯವಾದ ಹಂಚಿಕೆಯ ತತ್ವವೇ ಕೃಷ್ಣೆಗೂ ಬಂತು, ಕಾವೇರಿಗೂ ಬಂತು.

1944ರಲ್ಲಿ ನಿವೃತ್ತರಾದ ಮೇಲೆ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾಗಿ ಹೋದರು. ಮಹಾರಾಜರೊಂದಿಗೆ ಅಭಿಪ್ರಾಯ ಭೇದ ಬಂದಾಗ ಮರುವರ್ಷವೇ ಬಿಟ್ಟು ಬಂದರು. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು. ಅವರು ಆ ಸಭೆಯ ಸದಸ್ಯರಲ್ಲ, ಮತ ಹಾಕುವ ಹಕ್ಕೂ ಇರಲಿಲ್ಲ. ಸಂಬಳವನ್ನೂ ಪಡೆಯದೆ ಗೌರವ ಹುದ್ದೆಯಾಗಿ ಆ ಕೆಲಸ ಮಾಡಿದರು.

ಸದಸ್ಯರಲ್ಲಿ ಹಲವರು ಜೈಲಿನಿಂದ ಬಂದವರು, ಚಳವಳಿಯಲ್ಲಿ ಪಳಗಿದವರು. ಬೇರೆ ಬೇರೆ ದೇಶಗಳ ಸಂವಿಧಾನಗಳನ್ನು ಕೂತು ಓದುವಷ್ಟು ಪುರುಸೊತ್ತು ಎಲ್ಲರಿಗೂ ಇರಲಿಲ್ಲ. ಯಾವ ದೇಶ ಯಾವ ಪ್ರಶ್ನೆಯನ್ನು ಹೇಗೆ ಬಿಡಿಸಿಕೊಂಡಿದೆ ಎಂಬುದನ್ನು ರಾವ್ ಸಂಪುಟಗಳಾಗಿ ಜೋಡಿಸಿ ಸದಸ್ಯರ ಕೈಗಿತ್ತರು. ಪ್ರಶ್ನಾವಳಿ ಕಳಿಸಿ ಅಭಿಪ್ರಾಯ ಕೇಳಿದರು. ಕೋರ್ಟಿನಲ್ಲಿ ಜಾರಿ ಮಾಡಿಸಬಹುದಾದ ಹಕ್ಕುಗಳನ್ನು ಒಂದು ಕಡೆ, ಸರ್ಕಾರಕ್ಕೆ ದಾರಿ ತೋರಿಸುವ ತತ್ವಗಳನ್ನು ಇನ್ನೊಂದು ಕಡೆ ಇಡುವ ಐರ್ಲೆಂಡಿನ ಮಾದರಿಯನ್ನು ಮುಂದಿಟ್ಟರು. ಸಭೆಯ ಸಮಿತಿಗಳು ತೀರ್ಮಾನಿಸಿದ್ದನ್ನೆಲ್ಲ ಸೇರಿಸಿ 1947ರ ಅಕ್ಟೋಬರಿನಲ್ಲಿ ಮೊದಲ ಕರಡನ್ನು ಒಪ್ಪಿಸಿದರು. ಅದರಲ್ಲಿ ಇದ್ದದ್ದು 243 ವಿಧಿಗಳು, 13 ಅನುಸೂಚಿಗಳು ಎಂದು ಸಂವಿಧಾನ ಸಭೆಯ ಅಧ್ಯಕ್ಷ ರಾಜೇಂದ್ರ ಪ್ರಸಾದರು ಮುಂದೆ ಲೆಕ್ಕ ಕೊಟ್ಟರು. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಬಿಚ್ಚಿ ಕಟ್ಟಿ 1948ರ ಫೆಬ್ರವರಿಯಲ್ಲಿ 315 ವಿಧಿಗಳ ಕರಡು ಕೊಟ್ಟಿತು. ಸಭೆಗೆ ಬಂದ ತಿದ್ದುಪಡಿ ಸೂಚನೆಗಳು 7,635. ಅವುಗಳಲ್ಲಿ ಮಂಡನೆಯಾದವು 2,473. ಕೊನೆಗೆ ಅಂಗೀಕಾರವಾದಾಗ 395 ವಿಧಿಗಳು, 8 ಅನುಸೂಚಿಗಳು. ಈ ಅಂಕಿಗಳನ್ನು ನೋಡಿದವರಿಗೆ ಕರಡಿಗೂ ಸಂವಿಧಾನಕ್ಕೂ ನಡುವೆ ಎಷ್ಟು ದಾರಿ ಇತ್ತೆಂದು ತಿಳಿಯುತ್ತದೆ. ಒಂದೊಂದು ವಿಧಿಗೂ ಸಭೆಯಲ್ಲಿ ಉತ್ತರ ಹೇಳುವ ಹೊಣೆ ಅಂಬೇಡ್ಕರ್ ಅವರದು. 1949ರ ನವೆಂಬರಿನಲ್ಲಿ ತಮ್ಮ ಕೊನೆಯ ಭಾಷಣದಲ್ಲಿ, ಹೊಗಳಿಕೆಯಲ್ಲಿ ಒಂದು ಪಾಲು ರಾವ್ ಅವರಿಗೆ ಸಲ್ಲಬೇಕೆಂದು ಹೇಳಿದವರೂ ಅಂಬೇಡ್ಕರ್ ಅವರೇ.

ರಾವ್ ಹೇಳಿದ್ದೆಲ್ಲ ನಡೆಯಲೂ ಇಲ್ಲ, ನಡೆದದ್ದೆಲ್ಲ ಒಳ್ಳೆಯದೂ ಆಗಲಿಲ್ಲ. ಕರಡು ಒಪ್ಪಿಸಿದ ಮೇಲೆ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್‌ಗಳಿಗೆ ಹೋಗಿ ಅಲ್ಲಿನ ನ್ಯಾಯಾಧೀಶರು, ಮುತ್ಸದ್ದಿಗಳನ್ನು ಕಂಡರು. ಒಬ್ಬರನ್ನು ಬಂಧಿಸುವ ಕಾನೂನು ನ್ಯಾಯಸಮ್ಮತವೇ ಎಂದು ಕೋರ್ಟು ಒಳಹೊಕ್ಕು ಪರೀಕ್ಷಿಸುವ ಅವಕಾಶ ಅಮೆರಿಕದ ಸಂವಿಧಾನದಲ್ಲಿದೆ. ಅದು ಚುನಾಯಿತ ಶಾಸನಸಭೆಯ ಮೇಲೆ ನ್ಯಾಯಾಧೀಶರಿಗೆ ಅತಿಯಾದ ಅಧಿಕಾರ ಕೊಡುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ರಾವ್‌ಗೆ ಅದು ಸರಿಯೆನಿಸಿತು. ಕರಡು ಸಮಿತಿಯೂ ಒಪ್ಪಿತು. ಆ ಮಾತು ಹೋಗಿ, ಕಾನೂನು ವಿಧಿಸಿದ ಕ್ರಮದಂತೆ ನಡೆದರೆ ಸಾಕು ಎಂಬರ್ಥದ ಮಾತು 21ನೇ ವಿಧಿಗೆ ಬಂತು. ವಿಚಾರಣೆಯಿಲ್ಲದ ಬಂಧನಕ್ಕೆ ಇದರಿಂದ ದಾರಿ ಸಲೀಸಾಯಿತು. ಆ ಕೊರತೆಯನ್ನು ಸ್ವಲ್ಪ ತುಂಬಲು ಅಂಬೇಡ್ಕರ್ ಬಂಧಿತರ ರಕ್ಷಣೆಗೆ ಇನ್ನೊಂದು ವಿಧಿ ತಂದರು. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 21ನೇ ವಿಧಿಯನ್ನು ವಿಶಾಲವಾಗಿ ಓದಿ, ಆ ಕ್ರಮ ನ್ಯಾಯಯುತವಾಗಿಯೂ ಇರಬೇಕೆಂದಿತು. ಅದೇ ಪ್ರವಾಸದಿಂದ ಬಂದ ರಾವ್, ಸಮಾಜದ ಹಿತಕ್ಕೆಂದು ಮಾಡಿದ ಕಾನೂನಿಗೂ ವ್ಯಕ್ತಿಯ ಹಕ್ಕಿಗೂ ತಿಕ್ಕಾಟ ಬಂದರೆ ಸಮಾಜದ ಹಿತ ಮೇಲಾಗಲಿ ಎಂದೂ ಸೂಚಿಸಿದರು. ಅದನ್ನು ಸಮಿತಿ ಒಪ್ಪಲಿಲ್ಲ. ಸಲಹೆಗಾರರ ಕೆಲಸ ಹೇಳುವುದು; ಒಪ್ಪುವುದು ಬಿಡುವುದು ಸಭೆಗೆ ಸೇರಿದ್ದು. ಆ ಗೆರೆಯನ್ನು ರಾವ್ ದಾಟಲಿಲ್ಲ.

ಇದೇ ಹೊತ್ತಿನಲ್ಲಿ ಇನ್ನೊಂದು ದೇಶದ ಸಂವಿಧಾನಕ್ಕೂ ಅವರ ಕೈ ತಾಗಿತು. ಬರ್ಮಾ ಸ್ವತಂತ್ರವಾಗುವ ಸಿದ್ಧತೆಯಲ್ಲಿತ್ತು. ಅಲ್ಲಿನ ಸಂವಿಧಾನ ಸಲಹೆಗಾರ ಊ ಚಾನ್ ಟೂನ್ 1947ರಲ್ಲಿ ದೆಹಲಿಗೆ ಬಂದು ರಾವ್ ಅವರ ನೆರವು ಪಡೆದರು. ಆ ಜುಲೈ 19ರಂದು ಬರ್ಮಾದ ನಾಯಕ ಆಂಗ್ ಸಾನ್ ಮತ್ತು ಅವರ ಹಲವು ಸಹೋದ್ಯೋಗಿಗಳ ಕೊಲೆಯಾಯಿತು. ಆದರೂ ಸೆಪ್ಟೆಂಬರಿನಲ್ಲಿ ಸಂವಿಧಾನ ಅಂಗೀಕಾರವಾಗಿ, 1948ರ ಜನವರಿ 4ರಂದು ದೇಶ ಸ್ವತಂತ್ರವಾಯಿತು. ಹದಿನಾಲ್ಕು ವರ್ಷದ ಬಳಿಕ, 1962ರಲ್ಲಿ, ಜನರಲ್ ನೆ ವಿನ್ ಅಧಿಕಾರ ಕಿತ್ತುಕೊಂಡು ಆ ಸಂವಿಧಾನವನ್ನು ಬದಿಗೆ ಸರಿಸಿದರು. ಒಂದೇ ಕೈ ನೆರವಾದ ಎರಡು ಸಂವಿಧಾನಗಳಲ್ಲಿ ಒಂದು ಇವತ್ತಿಗೂ ನಡೆಯುತ್ತಿದೆ, ಇನ್ನೊಂದು ಹದಿನಾಲ್ಕು ವರ್ಷಕ್ಕೆ ಮುಗಿಯಿತು. ಬರ್ಮಾದ ಕಷ್ಟಗಳಿಗೆ ಕಾರಣಗಳು ಹಲವು: ಶುರುವಿನಲ್ಲೇ ನಾಯಕರ ಕೊಲೆ, ಒಳಯುದ್ಧ, ಸೇನೆಯ ಹಿಡಿತ. ಭಾರತದಲ್ಲಿ ನೂರಾರು ಜನ ಸುಮಾರು ಮೂರು ವರ್ಷ ಕೂತು ವಾದಿಸಿ, ತಿದ್ದಿ, ಸಂವಿಧಾನವನ್ನು ತಮ್ಮದಾಗಿಸಿಕೊಂಡರು; ಆಮೇಲೂ ಅದರಂತೆ ಚುನಾವಣೆ ನಡೆಸುತ್ತಾ ಬಂದರು. ಬರೆದವರೊಬ್ಬರ ಜಾಣತನದಿಂದಲೇ ಸಂವಿಧಾನ ಬಾಳುವುದಾಗಿದ್ದರೆ ಬರ್ಮಾದ್ದೂ ಬಾಳಬೇಕಿತ್ತು.

ಕೊನೆಯ ವರ್ಷಗಳಲ್ಲಿ ರಾವ್ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. 1950ರ ಜೂನ್ 25ರಂದು ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಆ ತಿಂಗಳ ಅಧ್ಯಕ್ಷತೆ ಅವರದೇ. ಉತ್ತರ ಕೊರಿಯಾ ಹಿಂದೆ ಸರಿಯಬೇಕೆಂಬ ಮೊದಲ ನಿರ್ಣಯಕ್ಕೆ ಮತ ಕೊಟ್ಟರು. ಎರಡು ದಿನ ಬಿಟ್ಟು ಸೈನಿಕ ನೆರವಿನ ನಿರ್ಣಯ ಬಂದಾಗ ದೆಹಲಿಯಿಂದ ಸೂಚನೆ ಸಮಯಕ್ಕೆ ಸಿಗದೆ ಮತದಾನದಲ್ಲಿ ಭಾಗವಹಿಸಲಿಲ್ಲ. ಇಲ್ಲಿ ಅವರಿಗೆ ಮತ ಇತ್ತು, ಆದರೆ ಅದು ದೇಶದ್ದು. ತಮಗೆ ತೋಚಿದಂತೆ ಅದನ್ನು ಬಳಸುವಂತಿರಲಿಲ್ಲ. ಭಾರತ ಆಮೇಲೆ ಆ ನಿರ್ಣಯವನ್ನು ಒಪ್ಪಿತು, ಆದರೆ ಹೋರಾಡುವ ಪಡೆ ಕಳಿಸದೆ ವೈದ್ಯಕೀಯ ದಳವನ್ನು ಕಳಿಸಿತು. ಡಿಸೆಂಬರಿನಲ್ಲಿ ಯುದ್ಧ ನಿಲ್ಲಿಸುವ ದಾರಿ ಹುಡುಕಲು ಇರಾನಿನ ನಸ್ರೊಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್ ಜತೆ ರಾವ್ ಅವರನ್ನು ನೇಮಿಸಲಾಯಿತು. ಮೂವರ ಪ್ರಸ್ತಾವವನ್ನು ಚೀನಾ ತಿರಸ್ಕರಿಸಿತು. 1951ರ ಫೆಬ್ರವರಿ 1ರಂದು ಚೀನಾವನ್ನು ಆಕ್ರಮಣಕಾರಿ ಎಂದು ಘೋಷಿಸುವ ಅಮೆರಿಕದ ನಿರ್ಣಯ ಮತಕ್ಕೆ ಬಂದಾಗ, ಸೋವಿಯತ್ ಬಣದ ಹೊರಗಿನಿಂದ ಅದರ ವಿರುದ್ಧ ಮತ ಹಾಕಿದವು ಎರಡೇ ದೇಶಗಳು: ಭಾರತ ಮತ್ತು ಬರ್ಮಾ. ಹೊಸದಾಗಿ ಸ್ವತಂತ್ರವಾದ ದೇಶ ದೊಡ್ಡವರ ನೆರವು ಬೇಕಿದ್ದಾಗಲೂ ಅವರಿಗೆ ಇಲ್ಲ ಎನ್ನಬಹುದೇ ಎಂಬುದು ಆಗ ನಿಜವಾದ ಪ್ರಶ್ನೆ. ಅದೇ ವರ್ಷ ಭಾರತ ಅಮೆರಿಕದಿಂದ ಗೋಧಿ ಕೇಳುತ್ತಿತ್ತು.

1952ರಲ್ಲಿ ರಾವ್ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮೊದಲ ಭಾರತೀಯ ನ್ಯಾಯಾಧೀಶರಾದರು. ಎರಡು ವರ್ಷ ತುಂಬುವುದರೊಳಗೆ ಕಾಯಿಲೆ ಬಿದ್ದು, 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 66 ವರ್ಷ. ಸಂವಿಧಾನ ರಚನೆಯ ಕುರಿತ ಅವರ ಬರಹಗಳನ್ನು ತಮ್ಮ ಶಿವರಾವ್ ಸಂಪಾದಿಸಿ 1960ರಲ್ಲಿ ಪುಸ್ತಕವಾಗಿ ತಂದರು.

ಮಂಗಳೂರು ಬಿಟ್ಟು ಬಂಗಾಳ, ಅಸ್ಸಾಂ, ಕಾಶ್ಮೀರ, ದೆಹಲಿ, ನ್ಯೂಯಾರ್ಕ್, ಹೇಗ್ ಎಂದು ಅಲೆದ ಈ ಹಿರಿಯರ ಬಗ್ಗೆ ನಾವು ಹೆಮ್ಮೆ ಪಡುವುದರಲ್ಲಿ ತಪ್ಪೇನಿಲ್ಲ. ಆದರೆ ಇನ್ನೊಬ್ಬರನ್ನು ಹೊಡೆಯಲು ಅವರ ಹೆಸರನ್ನು ಕೋಲು ಮಾಡಿಕೊಂಡರೆ, ಅವರು ಬದುಕಿಡೀ ಪಾಲಿಸಿದ ಮರ್ಯಾದೆಯನ್ನೇ ಮುರಿದಂತೆ. ಒಳ್ಳೆಯ ಕರಡು ಬರೆದು ಸಭೆಯ ಮುಂದಿಟ್ಟು, ಸಭೆ ಅದನ್ನು ತಿದ್ದುವಾಗ ಪಕ್ಕದಲ್ಲಿ ಸುಮ್ಮನೆ ಕೂರುವುದು ಸಣ್ಣ ಕೆಲಸವಲ್ಲ. ನವೆಂಬರಿನಲ್ಲಿ ಆ ಸಂದೇಶ ಮತ್ತೆ ಬಂದರೆ, 243 ಮತ್ತು 395 ಎಂಬ ಎರಡು ಅಂಕಿಗಳನ್ನಷ್ಟೇ ಉತ್ತರವಾಗಿ ಕಳಿಸಿ ನೋಡಿ.