ನೇಗಿಲಿನಿಂದ ಯಂತ್ರಕ್ಕೆ: ಲಕ್ಷ್ಮಣರಾವ್ ಕಿರ್ಲೋಸ್ಕರರ ಬಾಳು

ಲೋಕದಲ್ಲಿ ಕೆಲವು ಮಹನೀಯರು ತಮ್ಮ ಹೆಸರನ್ನು ಗ್ರಂಥಗಳಲ್ಲಿ ಬಿಟ್ಟುಹೋಗುತ್ತಾರೆ. ಕೆಲವರು ಗುಡಿಗೋಪುರಗಳಲ್ಲಿ ಬಿಟ್ಟುಹೋಗುತ್ತಾರೆ. ತಾವು ಮಾಡಿದ ಉಪಕರಣಗಳಲ್ಲಿ ಹೆಸರನ್ನು ಬಿಟ್ಟುಹೋಗುವವರು ವಿರಳ. ಅಂತಹವರ ಚರಿತ್ರೆಯನ್ನು ಓದುವವರು ಕಡಿಮೆಯಾದರೂ ಅವರ ಕೆಲಸವನ್ನು ಮುಟ್ಟುವ ಕೈಗಳು ಲಕ್ಷಗಟ್ಟಲೆ. ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರರು ಈ ವಿರಳ ಪಂಗಡಕ್ಕೆ ಸೇರಿದವರು. ದಾವಣಗೆರೆ ಹರಿಹರಗಳ ವಿದ್ಯಾರ್ಥಿಗಳಾದ ನಮಗೆ ಅವರ ಹೆಸರು ಹೊಸತಲ್ಲ. ಹರಿಹರದಲ್ಲಿ ಆ ಹೆಸರನ್ನು ಕೇಳದ ಮನೆಯೇ ಇಲ್ಲವೆನ್ನಬಹುದು. ಆದರೆ ಹೆಸರನ್ನು ಬಲ್ಲ ನಾವು ಆ ಮನುಷ್ಯನನ್ನು ಬಲ್ಲೆವೆಂದು ಹೇಳಲಾರೆವು.

ಇಂದು ಅವರನ್ನು ನೆನೆಯುವುದಕ್ಕೆ ಒಂದು ಕಾರಣವುಂಟು. ಮರಗೆಲಸದ ಅಂಗಡಿಗಳಲ್ಲಿ ಈಗ ಸಿ.ಎನ್.ಸಿ. ರೂಟರ್ ಎಂಬ ಯಂತ್ರ ಬಂದು ಕುಳಿತಿದೆ. ಗಣಕಯಂತ್ರದಲ್ಲಿ ನಕ್ಷೆ ಬರೆದು ಕೊಟ್ಟರೆ ಅದು ಬಾಗಿಲಿನ ಮೇಲೆ ಬಳ್ಳಿಯನ್ನೂ ಮಂಚದ ತಲೆದೆಸೆಯಲ್ಲಿ ನವಿಲನ್ನೂ ತಾನೇ ಕೊರೆಯುತ್ತದೆ. ಕುರ್ಚಿಯ ಕಾಲಿಗೂ ಪಟ್ಟಿಗೂ ಬೇಕಾದ ಜೋಡಣೆಯ ಕುಳಿಗಳನ್ನು ಕೂದಲೆಳೆಯಷ್ಟೂ ತಪ್ಪದೆ ತೆಗೆಯುತ್ತದೆ. ಉಳಿ, ಬಾಚಿ, ಗರಗಸಗಳನ್ನು ನಂಬಿದ ಬಡಗಿಯ ಗತಿಯೇನು ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಎದ್ದಿದೆ. ಬಡಗಿಯ ಮಗನಾಗಿ ಹುಟ್ಟಿ, ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನನಗೂ ಈ ಪ್ರಶ್ನೆ ಪರರದಲ್ಲ. ಯಂತ್ರವನ್ನು ಬೈದರೂ ಹೊಗಳಿದರೂ ಇದಕ್ಕೆ ಉತ್ತರ ದೊರೆಯದು. ಯಂತ್ರವನ್ನು ನಮ್ಮ ನಾಡಿಗೆ ತಂದವರ ಬಾಳನ್ನು ನೋಡಿದರೆ ದಾರಿ ತೋರಬಹುದು.

ಲಕ್ಷ್ಮಣರಾಯರು ಹುಟ್ಟಿದುದು 1869ನೆಯ ಇಸವಿ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಶಾಲೆಯ ಪಾಠದಲ್ಲಿ ಅವರಿಗೆ ಅಷ್ಟಾಗಿ ಮನಸ್ಸಿರಲಿಲ್ಲ. ಚಿತ್ರ ಬರೆಯುವುದು, ಕೈಗೆ ಸಿಕ್ಕ ವಸ್ತುವನ್ನು ಬಿಚ್ಚಿ ಕೂಡಿಸುವುದು, ಇವೆರಡರಲ್ಲಿ ಮಾತ್ರ ತೀರದ ಆಸಕ್ತಿ. ಹಿರಿಯಣ್ಣ ರಾಮಚಂದ್ರರಾಯರ ನೆರವಿನಿಂದ 1885ರಲ್ಲಿ ಮುಂಬಯಿಗೆ ಹೋಗಿ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಅಲ್ಲಿ ವಿಧಿಯ ಮೊದಲ ಪೆಟ್ಟು ಬಿದ್ದಿತು. ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದವೇ ತಿಳಿಯುತ್ತಿರಲಿಲ್ಲ. ಬಣ್ಣ ಕಾಣದವನು ಚಿತ್ರಗಾರನಾಗುವುದೆಂತು? ಬೇರೊಬ್ಬರಾಗಿದ್ದರೆ ಊರಿಗೆ ಮರಳುತ್ತಿದ್ದರು. ಲಕ್ಷ್ಮಣರಾಯರು ಬಣ್ಣವನ್ನು ಬಿಟ್ಟರು, ರೇಖೆಯನ್ನು ಬಿಡಲಿಲ್ಲ. ಯಂತ್ರಗಳ ರೇಖಾಚಿತ್ರಕ್ಕೆ ಬಣ್ಣ ಬೇಕಿಲ್ಲ. ಅಳತೆ ಬೇಕು, ಕೈಯ ನಿಶ್ಚಯ ಬೇಕು. ಆ ವಿದ್ಯೆಯಲ್ಲಿ ಪಳಗಿ, ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ವಿದ್ಯಾಲಯದಲ್ಲಿ ಅದನ್ನೇ ಕಲಿಸುವ ಅಧ್ಯಾಪಕರಾದರು. ಪಾಠದ ಹೊತ್ತು ಮುಗಿದ ಮೇಲೆ ಅಲ್ಲಿನ ಯಂತ್ರಶಾಲೆಯಲ್ಲಿ ತಾವೇ ವಿದ್ಯಾರ್ಥಿಯಾಗಿ ನಿಂತು ಯಂತ್ರಗಳ ಒಳಗುಟ್ಟನ್ನು ಅರಿತರು.

ಮುಂಬಯಿಯಲ್ಲಿದ್ದಾಗಲೇ, 1888ರಲ್ಲಿ, ಅಣ್ಣತಮ್ಮಂದಿರು ಬೆಳಗಾವಿಯಲ್ಲಿ ಬೈಸಿಕಲ್ ಅಂಗಡಿಯೊಂದನ್ನು ತೆರೆದರು. ತಮ್ಮ ಮುಂಬಯಿಯಿಂದ ಬೈಸಿಕಲ್ಲುಗಳನ್ನು ಕೊಂಡು ಕಳುಹಿಸುವುದು. ಅಣ್ಣ ಅವನ್ನು ಮಾರುವುದು, ಕೊಂಡವರಿಗೆ ಸವಾರಿಯನ್ನು ಕಲಿಸುವುದು. ಮುಂದೆ ದೇಶವಿಡೀ ಹಬ್ಬಿದ ಉದ್ಯಮದ ಬೀಜ ಇಷ್ಟೇ. ಬೆಳಗಾವಿಯ ಕಿರ್ಲೋಸ್ಕರ್ ರಸ್ತೆ ಇಂದಿಗೂ ಆ ಹೆಸರನ್ನು ಉಳಿಸಿಕೊಂಡಿದೆ. ಕೆಲವು ವರ್ಷಗಳ ಮೇಲೆ ವಿದ್ಯಾಲಯದಲ್ಲಿ ಅವರಿಗೆ ನ್ಯಾಯವಾಗಿ ಬರಬೇಕಾಗಿದ್ದ ಬಡ್ತಿ ಬೇರೊಬ್ಬರ ಪಾಲಾಯಿತು. ಪರರ ಆಳ್ವಿಕೆಯ ಕಾಲ. ಯೋಗ್ಯತೆಗಿಂತ ಮೈಯ ಬಣ್ಣಕ್ಕೆ ಬೆಲೆ ಹೆಚ್ಚು. ಲಕ್ಷ್ಮಣರಾಯರು ಬೇಡಿಕೊಳ್ಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಕೆಲಸಕ್ಕೆ ರಾಜೀನಾಮೆಯಿತ್ತು ಬೆಳಗಾವಿಗೆ ಬಂದು ಅಣ್ಣನ ಜೊತೆಗೂಡಿದರು.

ಬೆಳಗಾವಿಯ ಸಣ್ಣ ಕಾರ್ಯಾಗಾರದಲ್ಲಿ ಅವರ ದೃಷ್ಟಿ ರೈತನ ಕಡೆಗೆ ತಿರುಗಿತು. ದನಗಳ ಮೇವನ್ನು ಕತ್ತರಿಸುವ ಯಂತ್ರವನ್ನು ಮಾಡಿದರು. ಆಮೇಲೆ ಕಬ್ಬಿಣದ ನೇಗಿಲನ್ನು ಮಾಡಿದರು. ಅದನ್ನು ಕೊಳ್ಳುವವರೇ ಇಲ್ಲ! ಕಬ್ಬಿಣ ತಗಲಿದರೆ ನೆಲಕ್ಕೆ ನಂಜೇರುತ್ತದೆಂದು ರೈತರು ನಂಬಿದ್ದರು. ಮೊದಲ ನೇಗಿಲುಗಳು ಮಾರಾಟವಾಗುವುದಕ್ಕೆ ಎರಡು ವರ್ಷ ಹಿಡಿಯಿತು. ಲಕ್ಷ್ಮಣರಾಯರು ರೈತನನ್ನು ಮೂಢನೆಂದು ಹಳಿಯಲಿಲ್ಲ. ನೇಗಿಲಿನಲ್ಲಿ ಕಂಡ ಕೊರತೆಗಳನ್ನು ತಿದ್ದಿದರು, ತಾಳ್ಮೆಯಿಂದ ಕಾದರು.

ಇಲ್ಲಿ ಒಂದು ಕ್ಷಣ ನಿಂತು ವಿಚಾರಿಸಬೇಕು. ಅಂದಿನ ಹಳ್ಳಿಯಲ್ಲಿ ಮರದ ನೇಗಿಲನ್ನು ಮಾಡಿಕೊಡುತ್ತಿದ್ದವನು ಊರ ಬಡಗಿ. ಅದಕ್ಕೆ ಪ್ರತಿಯಾಗಿ ಸುಗ್ಗಿಯ ಕಣದಲ್ಲಿ ಅವನಿಗೆ ಆಯದ ಕಾಳು ಸಲ್ಲುತ್ತಿದ್ದಿತು. ಕಬ್ಬಿಣದ ನೇಗಿಲು ಬಂದಲ್ಲೆಲ್ಲ ಆ ಕೆಲಸಕ್ಕೆ ಕುಂದು ಬಂದಿರಲೇಬೇಕು. ಮಹಾಪುರುಷರ ಚರಿತ್ರೆಯನ್ನು ಬರೆಯುವಾಗ ಇದನ್ನು ಮರೆಮಾಚುವುದು ಸಲ್ಲದು. ಆದರೆ ಇದರ ಇನ್ನೊಂದು ಮುಖವನ್ನೂ ಕಾಣಬೇಕು. ಕಬ್ಬಿಣವನ್ನು ಎರಕ ಹೊಯ್ಯುವುದಕ್ಕೆ ಮೊದಲು ಬೇಕಾದುದು ಮರದ ಅಚ್ಚು. ಬಡಗಿ ಮರದಲ್ಲಿ ವಸ್ತುವಿನ ಪ್ರತಿರೂಪವನ್ನು ಮಾಡುತ್ತಾನೆ. ಅದನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಪೊಳ್ಳಿನಲ್ಲಿ ಕರಗಿದ ಕಬ್ಬಿಣವನ್ನು ಹೊಯ್ಯುತ್ತಾರೆ. ಆರುವಾಗ ಕಬ್ಬಿಣ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುವುದರಿಂದ ಅಚ್ಚನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಒದ್ದೆ ಮರಳಿನ ತೇವಕ್ಕೆ ಅಚ್ಚಿನ ಜೋಡಣೆ ಬಿಚ್ಚಬಾರದು. ಇಷ್ಟು ಲೆಕ್ಕ ಬಲ್ಲವನು ಒಳ್ಳೆಯ ಬಡಗಿಯೇ ಹೊರತು ಬೇರೆಯವನಲ್ಲ. ನೇಗಿಲಿನಲ್ಲಿ ಕಳೆದ ಕೈಗೆ ಎರಕದ ಮನೆಯಲ್ಲಿ ಎಡೆಯಿದ್ದಿತು. ಹಳ್ಳಿಯ ಬಡಗಿಗಳೆಲ್ಲ ಅಲ್ಲಿಗೆ ಹೋಗಲು ಸಾಧ್ಯವಿರಲಿಲ್ಲವೆಂಬುದು ಮಾತ್ರ ನಿಜ. ಕಲಿಯುವ ಅವಕಾಶ ದೊರೆತವನಿಗೆ ಬಾಗಿಲು ತೆರೆಯಿತು, ದೊರೆಯದವನಿಗೆ ಮುಚ್ಚಿತು.

ಬೆಳಗಾವಿಯಲ್ಲಿ ಕಾರ್ಖಾನೆ ಬೇರೂರುವಷ್ಟರಲ್ಲಿ ಊರು ಬೆಳೆಸುವ ಸಲುವಾಗಿ ಪುರಸಭೆ ಆ ಜಾಗವನ್ನು ತೆರವು ಮಾಡಿಸಿತು. ಎರಡನೆಯ ಬಾರಿ ನೆಲ ತಪ್ಪಿದ ಅವರಿಗೆ ಔಂಧ ಸಂಸ್ಥಾನದ ದೊರೆ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಆಶ್ರಯವಾದರು. ಔಂಧದಲ್ಲಿ ಸಭಾಮಂಟಪ ಕಟ್ಟುವ ಕೆಲಸವನ್ನು ಅವರಿಗೆ ವಹಿಸಿದರು. ತಮ್ಮ ಸಂಸ್ಥಾನದಲ್ಲಿಯೇ, ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ, 32 ಎಕರೆ ನೆಲವನ್ನೂ ಬಡ್ಡಿಯಿಲ್ಲದ ಸಾಲವನ್ನೂ ಕೊಟ್ಟರು. ನೆಲವೆಂದರೆ ಪಾಪಾಸುಕಳ್ಳಿ ಬೆಳೆದ, ಹಾವುಗಳು ಹರಿದಾಡುವ ಬರಡು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಕಾರ್ಖಾನೆಯೊಡನೆ ಕೆಲಸಗಾರರ ಮನೆಗಳೂ ಎದ್ದುವು. ಸುತ್ತಲಿನ ಹಳ್ಳಿಗರೇ ಅಲ್ಲಿ ಯಂತ್ರದ ಕೆಲಸವನ್ನು ಕಲಿತರು. ಅಸ್ಪೃಶ್ಯತೆಗೆ ಆ ಊರಿನಲ್ಲಿ ಸ್ಥಾನ ಕೊಡಕೂಡದೆಂಬುದು ಲಕ್ಷ್ಮಣರಾಯರ ನಿಲುವು. ಸೆರೆಮನೆಯಿಂದ ಹೊರಬಂದವರನ್ನು ಕರೆದು ರಾತ್ರಿಯ ಕಾವಲಿಗೆ ನಿಲ್ಲಿಸಿದರೆಂದರೆ ಮನುಷ್ಯನಲ್ಲಿ ಅವರಿಗಿದ್ದ ನಂಬಿಕೆ ಎಂತಹುದೆಂದು ಊಹಿಸಬಹುದು. ಮೊದಲನೆಯ ಮಹಾಯುದ್ಧದಲ್ಲಿ ಹೊರಗಿನ ಕಬ್ಬಿಣ ನಿಂತುಹೋದಾಗ ಕೊಲ್ಹಾಪುರದ ಶಾಹು ಮಹಾರಾಜರು ಹಳೆಯ ತೋಪುಗಳನ್ನು ಕೊಡಿಸಿದರು. ಯುದ್ಧದ ತೋಪುಗಳು ಕರಗಿ ಉಳುವ ನೇಗಿಲುಗಳಾದುವು. 1920ರಲ್ಲಿ ಉದ್ಯಮ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಆಯಿತು. ನೇಗಿಲಿನ ಜೊತೆಗೆ ನೀರೆತ್ತುವ ಪಂಪುಗಳು ಬಂದುವು. ಮಗ ಶಂತನುರಾಯರು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಓದಿ 1926ರಲ್ಲಿ ಇಂಜಿನಿಯರ್ ಆಗಿ ಮರಳಿ ತಂದೆಯ ಹೊರೆಗೆ ಹೆಗಲು ಕೊಟ್ಟರು.

ಇನ್ನು ನಮ್ಮ ಹರಿಹರದ ಮಾತು. ನೇಗಿಲು ಮಾಡುವವನಿಗೆ ಯಂತ್ರ ಬೇಕು. ಆ ಯಂತ್ರವನ್ನು ಮಾಡಲು ಇನ್ನೊಂದು ಯಂತ್ರ ಬೇಕು. ಲೇಥು ಯಂತ್ರಗಳ ತಾಯಿ. ಅದನ್ನು ಹೊರದೇಶದಿಂದ ತರಿಸುತ್ತಿರುವ ತನಕ ನಾಡಿನ ಉದ್ಯಮ ಪರರ ಮರ್ಜಿಯಲ್ಲಿಯೇ ಇರಬೇಕು. ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ಅಂದಿನ ಮೈಸೂರು ಸಂಸ್ಥಾನದ ಗಡಿಯಲ್ಲಿದ್ದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. ಆಗ ಹರಿಹರವೂ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದುವು. ದಾವಣಗೆರೆ ಜಿಲ್ಲೆಯಾದುದು 1997ರಲ್ಲಿ. ಹರಿಹರೇಶ್ವರನ ಗುಡಿಯಿಂದಲೂ ತುಂಗಭದ್ರೆಯಿಂದಲೂ ಹೆಸರಾಗಿದ್ದ ಊರು ಲೇಥಿನಿಂದಲೂ ಹೆಸರಾಯಿತು. ಇಲ್ಲಿಂದ ಹೊರಟ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇಥುಗಳು ದೇಶದ ಅನೇಕ ಕಾರ್ಯಾಗಾರಗಳಲ್ಲಿ ನಿಂತುವು. ಹೊಲದಿಂದ ಬಂದ ಹುಡುಗರು ಅಂಗುಲದ ಸಾವಿರದ ಒಂದು ಪಾಲನ್ನು ಅಳೆಯುವುದನ್ನು ಇಲ್ಲಿ ಕಲಿತರು. 1956ನೆಯ ಇಸವಿ ಸೆಪ್ಟೆಂಬರ್ 26ರಂದು ತಮ್ಮ 87ನೆಯ ವಯಸ್ಸಿನಲ್ಲಿ ಲಕ್ಷ್ಮಣರಾಯರು ತೀರಿಕೊಂಡಾಗ ಹರಿಹರದ ಕಾರ್ಖಾನೆ ಹದಿನೈದು ವರ್ಷದ ಹರೆಯದಲ್ಲಿದ್ದಿತು.

ಅವರು ಕಣ್ಣು ಮುಚ್ಚುವ ಮೊದಲೇ ಲೋಕದಲ್ಲಿ ಇನ್ನೊಂದು ತಿರುವು ಬಂದಿದ್ದಿತು. ಶಂತನುರಾಯರು ಓದಿದ ಅದೇ ಮೆಸಾಚುಸೆಟ್ಸ್ ಸಂಸ್ಥೆಯಲ್ಲಿ 1952ರಲ್ಲಿ ಅಂಕೆಗಳ ಅಪ್ಪಣೆಯಂತೆ ನಡೆಯುವ ಕೊರೆಯುವ ಯಂತ್ರವನ್ನು ಪ್ರದರ್ಶಿಸಿದರು. ಅದಕ್ಕೆ ಮೂಲವಾದುದು ಜಾನ್ ಪಾರ್ಸನ್ಸ್ ಎಂಬ ಅಮೆರಿಕದವರ ಕಲ್ಪನೆ. ತೂತು ಹೊಡೆದ ಕಾಗದದ ಪಟ್ಟಿಯಲ್ಲಿ ಅಂಕೆಗಳನ್ನು ಬರೆದುಕೊಟ್ಟರೆ ಯಂತ್ರದ ಬಾಯಿ ಅತ್ತಿತ್ತ, ಮೇಲೆ ಕೆಳಗೆ ತಾನೇ ಚಲಿಸುವುದು. ಕಾಗದದ ಪಟ್ಟಿಯ ಸ್ಥಾನಕ್ಕೆ ಗಣಕಯಂತ್ರ ಬಂದು ಇಂದಿನ ಸಿ.ಎನ್.ಸಿ. ಆಯಿತು. ಮರಗೆಲಸದ ರೂಟರಿನಲ್ಲಿ ಎಂಟಡಿ ಉದ್ದ ನಾಲ್ಕಡಿ ಅಗಲದ ಹಲಗೆಯನ್ನು ಮೇಜಿನ ಮೇಲೆ ಬಿಗಿದರೆ, ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ತಿರುಗುವ ಬಿಟ್ ಅದನ್ನು ಕೊರೆಯುತ್ತದೆ.

ಇಂತಹ ಯಂತ್ರಕ್ಕೂ ಒಂದು ಮಿತಿಯುಂಟು. ಅದರ ಬಿಟ್ ದುಂಡು. ದುಂಡಾದುದು ತಿರುಗುತ್ತ ಕೊರೆದಾಗ ಕುಳಿಯ ಒಳಮೂಲೆಯೂ ದುಂಡಾಗಿಯೇ ಉಳಿಯುತ್ತದೆ. ಚೌಕದ ತುದಿ ಆ ಕುಳಿಯಲ್ಲಿ ಕೂರಬೇಕಾದರೆ ಮೂಲೆಯನ್ನು ಮನುಷ್ಯನು ಉಳಿಯಿಂದ ತಿದ್ದಬೇಕು. ಇಲ್ಲವೆ ನಕ್ಷೆ ಬರೆಯುವಾಗಲೇ ಮೂಲೆಯಲ್ಲಿ ಬಿಟ್ ಇನ್ನಷ್ಟು ಒಳಹೊಗುವಂತೆ ಎಡೆಮಾಡಬೇಕು. ಅಥವಾ ತುದಿಯನ್ನೇ ದುಂಡಾಗಿಸಬೇಕು. ಮರದ ಎಳೆ ಯಾವ ಕಡೆಗೆ ಓಡಿದೆ, ಮಳೆಗಾಲದಲ್ಲಿ ಅದು ಎಷ್ಟು ಉಬ್ಬೀತು, ಗಂಟನ್ನು ಎಲ್ಲಿ ತಪ್ಪಿಸಬೇಕು ಎಂಬುದನ್ನು ಕೊಟ್ಟ ನಕ್ಷೆಯಂತೆ ನಡೆಯುವ ಯಂತ್ರ ವಿಚಾರಿಸುವುದಿಲ್ಲ. ಅದನ್ನು ಬಲ್ಲವನೇ ಯಂತ್ರಕ್ಕೆ ಅಪ್ಪಣೆ ಕೊಡಬೇಕು. ನಕ್ಷೆ ಬರೆಯುವ ಕೈ ಮರವನ್ನು ಬಲ್ಲ ಕೈಯಾದರೆ ಕೆಲಸ ಉಳಿಯುತ್ತದೆ, ಕುರ್ಚಿಯೂ ಉಳಿಯುತ್ತದೆ.

ಹರಿಹರದ ಆ ಲೇಥು ಕಾರ್ಖಾನೆಯೂ ಶಾಶ್ವತವಾಗಿ ಉಳಿಯಲಿಲ್ಲ. ಈ ಶತಮಾನದ ಆರಂಭಕಾಲದಲ್ಲಿ ಅದು ಮುಚ್ಚಿಹೋಯಿತು. ನೂರಾರು ಸಂಸಾರಗಳು ಕಷ್ಟಕ್ಕೆ ಸಿಲುಕಿದುವು. ಬಡಗಿಯ ಉಳಿಯನ್ನು ಮಾತ್ರವಲ್ಲ, ಯಂತ್ರ ಕಟ್ಟುವವರ ಯಂತ್ರವನ್ನೂ ಕಾಲ ಹಳತು ಮಾಡುತ್ತದೆ. ಹೀಗಿರುವಾಗ ಯಾವುದೋ ಒಂದು ಉಪಕರಣವನ್ನು ನೆಚ್ಚಿ ಕೂರುವವನಿಗೆ ನೆಮ್ಮದಿಯಿಲ್ಲ.

ವಿದ್ಯಾರ್ಥಿ ಮಿತ್ರರೇ, ಲಕ್ಷ್ಮಣರಾಯರ ಬಾಳಿನಲ್ಲಿ ಬಾಗಿಲುಗಳು ಮೂರು ಬಾರಿ ಮುಚ್ಚಿದುವು: ಬಣ್ಣ ಕಾಣದ ಕಣ್ಣಿನಿಂದ ಒಮ್ಮೆ, ತಪ್ಪಿದ ಬಡ್ತಿಯಿಂದ ಒಮ್ಮೆ, ಕಸಿದುಹೋದ ನೆಲದಿಂದ ಒಮ್ಮೆ. ಮೂರು ಬಾರಿಯೂ ಅವರು ಕಲಿತುದನ್ನು ಹೊತ್ತುಕೊಂಡು ಮುಂದಕ್ಕೆ ನಡೆದರು. ಆದರೆ ಅವರಿಗೆ ಅಣ್ಣನ ನೆರವಿದ್ದಿತು, ದೊರೆಯೊಬ್ಬನ ಆಸರೆಯಿದ್ದಿತು, ಕಲಿಯಲು ಒಂದು ಯಂತ್ರಶಾಲೆಯಿದ್ದಿತು. ನಮ್ಮ ಊರಿನ ಬಡಗಿಯ ಮಕ್ಕಳಿಗೆ ಈ ಮೂರರಲ್ಲಿ ಒಂದಾದರೂ ದೊರೆಯಬೇಡವೇ? ಉಳಿ ಹಿಡಿದ ಕೈಗೆ ನಕ್ಷೆಯ ವಿದ್ಯೆಯನ್ನೂ ಕಲಿಸುವ ಏರ್ಪಾಡು ಊರೂರಿನಲ್ಲಿ ಆದರೆ ಹೊಸ ಯಂತ್ರವು ಬಡಗಿಯ ಶತ್ರುವಾಗದೆ ಅವನ ಆಳಾಗುವುದು. ಕಿರ್ಲೋಸ್ಕರರ ಹೆಸರಿನಲ್ಲಿ ಪುತ್ಥಳಿಯನ್ನು ನಿಲ್ಲಿಸುವುದಕ್ಕಿಂತ ಅಂತಹ ಒಂದು ಕಲಿಕೆಯ ಮನೆಯನ್ನು ತೆರೆಯುವುದೇ ಅವರಿಗೆ ಸಲ್ಲುವ ನಿಜವಾದ ಗೌರವ.